ಕಾಗದ ಓದಿಕೊಟ್ಟವರ ನಾಡಿನಲ್ಲಿ ನಾಲ್ಕು ದಿನ

ಕ್ರೈಸ್ತರ ತಪಸ್ಸುಕಾಲ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ, ಬಂತೆಂದರೆ ನಮ್ಮೂರ ದೇವಾಲಯದಲ್ಲಿ, ಅಂದರೆ ಚರ್ಚಿನಲ್ಲಿ, ದಾನದ ಡಬ್ಬಿ ಹಂಚುತ್ತಾರೆ. ಒಂದು ಹೊತ್ತಿನ ಕಾಫಿ ಬಿಟ್ಟರೂ ಆ ದುಡ್ಡು ಡಬ್ಬಿಗೆ. ಚಿಕ್ಕವಳಿದ್ದಾಗಿಂದ ಹಾಕುತ್ತಾ ಬಂದಿದ್ದೇನೆ. ಈ ಸಲ ಡಬ್ಬಿ ಕೈಗೆ ಬಂದಾಗ ತಾತನ ನೆನಪಾಯಿತು.

ನಮ್ಮದು ಕನಕಪುರದ ಕಡೆಯ ಹಳ್ಳಿ. ತಾತನ ಎರಡು ಎಕರೆ ರಾಗಿ ಹೊಲ ಒಂದೇ ಹೆಬ್ಬೆಟ್ಟಿಗೆ ಹೋಯಿತು. ಸಾಲದ ಪತ್ರ ಅಂದುಕೊಂಡು ಒತ್ತಿದ್ದು ಕ್ರಯಪತ್ರವಾಗಿತ್ತು. ಆಗಲೂ ಊರಲ್ಲಿ ದೇವಾಲಯ ಇತ್ತು, ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಇತ್ತು, ಹಬ್ಬಕ್ಕೆ ಅಕ್ಕಿ ಕೊಡುವವರೂ ಇದ್ದರು. ಆ ಕಾಗದ ಓದಿಕೊಡುವವರು ಮಾತ್ರ ಇರಲಿಲ್ಲ.

ಇದನ್ನೆಲ್ಲ ಚರ್ಚಿನಲ್ಲಿ ಧರ್ಮಪಾಠ ಹೇಳಿಕೊಡುತ್ತಿದ್ದ ನಮ್ಮ ಹಳೆಯ ಉಪದೇಶಿಗಳ ಹತ್ತಿರ ಹೇಳಿದೆ. ಅವರಿಗೀಗ ಎಪ್ಪತ್ತೈದು ದಾಟಿದೆ. ಯುವಕರಾಗಿದ್ದಾಗ ಬೆಂಗಳೂರಿನ ಬೆನ್ಸನ್ ಟೌನ್‌ನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನಲ್ಲಿ ತರಬೇತಿ ಪಡೆದವರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಯೇಸುಸಭೆಯ, ಅಂದರೆ ಜೆಸ್ಯೂಟ್ ಪಾದ್ರಿಗಳ ಸಂಘದ, ಫಾದರ್ ಸ್ಟ್ಯಾನ್ ಸ್ವಾಮಿ. 1975ರಲ್ಲಿ ಬಂದವರು ಹತ್ತು ವರ್ಷಕ್ಕೂ ಮಿಗಿಲಾಗಿ ಆ ಜವಾಬ್ದಾರಿ ಹೊತ್ತಿದ್ದರು. ಆಮೇಲೆ ಜಾರ್ಖಂಡ್‌ಗೆ ಹೋಗಿ ಆದಿವಾಸಿಗಳ ಜೊತೆಗೇ ಉಳಿದರು. "ಒಂದು ಸಲ ಆ ಕಡೆ ಹೋಗಿ ಬಾ. ಕಾಗದ ಓದಿಕೊಟ್ಟ ಗುರುಗಳು ಇದ್ದ ನಾಡು ಅದು" ಅಂದರು ಉಪದೇಶಿಗಳು. ಮಾರ್ಚ್ ಎರಡನೇ ವಾರ ಹೊರಟೆ. ವಿಮಾನದಲ್ಲಿ ಹೋದೆ, ಹಟಿಯಾ ರೈಲಿನಲ್ಲಿ ಬಂದೆ. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಸೋಮವಾರ, ರಾಂಚಿ

ಮಾರ್ಚ್ ಅಂದರೆ ಸೆಕೆ ಅಂದುಕೊಂಡು ಹೋಗಿದ್ದೆ. ಬೆಳಗಿನ ಜಾವ ಶಾಲು ಬೇಕಾಯಿತು. ನೀವು ಹೋಗುವುದಾದರೆ ಒಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಮಧ್ಯಾಹ್ನ ಬಿಸಿಲು ಸುಡುತ್ತದೆ, ಸೂರ್ಯ ಮುಳುಗಿದ ಮೇಲೆ ಮೈ ನಡುಗುತ್ತದೆ.

ಪುರುಲಿಯಾ ರಸ್ತೆಯ ಸಂತ ಮರಿಯಮ್ಮನ ಪ್ರಧಾನಾಲಯಕ್ಕೆ ಬೆಳಗಿನ ಪೂಜೆಗೆ ಹೋದೆ. ತಪಸ್ಸುಕಾಲದ ಮೊದಲ ಸೋಮವಾರದ ಶುಭಸಂದೇಶ ಯಾವುದು ಅಂತ ಕ್ರೈಸ್ತರಿಗೆ ಗೊತ್ತಿರುತ್ತದೆ. ಹಸಿದವರು, ಬಟ್ಟೆಯಿಲ್ಲದವರು, ಸೆರೆಯಲ್ಲಿರುವವರು, ಇವರಿಗೆ ಮಾಡಿದ್ದೇ ಯೇಸುಸ್ವಾಮಿಗೆ ಮಾಡಿದ್ದು ಎನ್ನುವ ಭಾಗ. ಎಷ್ಟೋ ಸಲ ಕೇಳಿದ್ದೇನೆ. ಹಸಿದವರ ಮಾತು ಬಂದಾಗ ತಲೆದೂಗುತ್ತೇವೆ. ಸೆರೆಯಲ್ಲಿರುವವರ ಮಾತು ಕಿವಿಯ ಪಕ್ಕದಲ್ಲೇ ಹಾದು ಹೋಗುತ್ತದೆ. ಅವತ್ತು ಹಾಗಾಗಲಿಲ್ಲ.

ಪೂಜೆ ಮುಗಿದ ಮೇಲೆ ಫಾದರ್ ಕಾನ್‌ಸ್ಟಂಟ್ ಲೀವನ್ಸ್ ಅವರ ಸಮಾಧಿ ನೋಡಿದೆ. ಬೆಲ್ಜಿಯಂನ ರೈತರ ಮನೆಯ ಹುಡುಗ, 1885ರಲ್ಲಿ ರಾಂಚಿ ಸುತ್ತಲಿನ ಈ ಛೋಟಾನಾಗಪುರ ಸೀಮೆಗೆ ಬಂದವರು. ಏಳು ವರ್ಷ ಕುದುರೆ ಮೇಲೆ ಕಾಡು ಸುತ್ತಿ, ಕ್ಷಯ ಹಿಡಿದು ಊರಿಗೆ ವಾಪಸ್ ಹೋದರು. 1893ರಲ್ಲಿ ತೀರಿಕೊಂಡರು, ಇನ್ನೂ ಮೂವತ್ತೇಳು ವರ್ಷ. ಸರಿಯಾಗಿ ನೂರು ವರ್ಷ ಆದಮೇಲೆ, 1993ರಲ್ಲಿ, ಅವರ ಅಸ್ಥಿಯನ್ನು ಇಲ್ಲಿಗೆ ತಂದು ಇಟ್ಟಿದ್ದಾರೆ. ಒಬ್ಬ ಅಜ್ಜಿ ಸಮಾಧಿಯ ಕಲ್ಲಿನ ಮೇಲೆ ಅಂಗೈ ಇಟ್ಟು ಸುಮ್ನೆ ನಿಂತಿದ್ದರು. ಪ್ರಾರ್ಥನೆ ಪುಸ್ತಕವಿಲ್ಲ, ಜಪಸರವಿಲ್ಲ. ಮಗುವಿಗೆ ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡುವ ಹಾಗೆ ಇತ್ತು ಆ ಕೈ.

ಹೊರಗೆ ಬಂದು ರಸ್ತೆ ಬದಿಯಲ್ಲಿ ಧುಸ್ಕಾ ತಿಂದೆ. ಅಕ್ಕಿ, ಕಡಲೆಬೇಳೆ ನೆನೆಸಿ ರುಬ್ಬಿ ಎಣ್ಣೆಯಲ್ಲಿ ಬಿಡುತ್ತಾರೆ. ಮೇಲೆ ಗರಿಗರಿ, ಒಳಗೆ ದೋಸೆಯಷ್ಟು ಮೆತ್ತಗೆ. ಜೊತೆಗೆ ಆಲೂಗಡ್ಡೆ, ಕಾಳಿನ ಪಲ್ಯ. ಬಾಣಲೆಯಿಂದ ತೆಗೆದ ಕೂಡಲೇ ತಿನ್ನಬೇಕು. ಆರಿದರೆ ರುಚಿ ಹೋಗುತ್ತದೆ.

ಮಂಗಳವಾರ, ಖುಂಟಿ ಮತ್ತು ಟೊರ್ಪಾ

ರಾಂಚಿಯಿಂದ ಖುಂಟಿಗೆ ಒಂದು ಗಂಟೆಯ ದಾರಿ. ಊರು ದಾಟಿದರೆ ಎರಡೂ ಕಡೆ ಸಾಲ್ ಮರಗಳು, ನಡುನಡುವೆ ಮುತ್ತುಗ. ಎಲೆಯೇ ಇಲ್ಲದ ಕೊಂಬೆಗಳಲ್ಲಿ ಕೆಂಡದಂಥ ಹೂವು. ಹೊಲದ ಬದುಗಳಲ್ಲಿ ಎಲಚಿ ಮರ, ಅವುಗಳ ರೆಂಬೆಗೆ ಕಂದು ಬಣ್ಣದ ಮೇಣ ಅಂಟಿಕೊಂಡ ಹಾಗೆ ಇತ್ತು. ಅದು ಅರಗು. ಇಲ್ಲಿ ಎಷ್ಟೋ ಮನೆಗಳಿಗೆ ಕೈಗೆ ನಾಲ್ಕು ಕಾಸು ತರುವ ಬೆಳೆ.

ಖುಂಟಿಯಲ್ಲಿ ನಾನು ಉಳಿದದ್ದು ಸಿಸ್ಟರ್‌ಗಳ ಒಂದು ಸಣ್ಣ ಮನೆಯಲ್ಲಿ. ಅಲ್ಲಿನ ಹಿರಿಯ ಸಿಸ್ಟರ್ ಮಂಗಳೂರಿನ ಕಡೆಯವರು. ಮೂವತ್ತು ವರ್ಷದಿಂದ ಇಲ್ಲಿದ್ದಾರೆ. ಇಲ್ಲಿಯ ಮುಂಡಾ ಆದಿವಾಸಿಗಳ ಮುಂಡಾರಿ ಭಾಷೆ ಸಲೀಸಾಗಿ ಬರುತ್ತದೆ, ಕನ್ನಡ ಸ್ವಲ್ಪ ತಡವರಿಸುತ್ತದೆ. "ಊಟ ಆಯ್ತಾ?" ಅಂತ ಮೊದಲ ಮಾತು ಕೇಳಿ, ತಾವೇ ನಕ್ಕರು. ಆ ಎರಡು ಪದ ಆಡಿ ಎಷ್ಟು ದಿನವಾಗಿತ್ತೋ!

ಊಟಕ್ಕೆ ಮಡುವಾ ರೊಟ್ಟಿ. ಬಾಯಿಗಿಟ್ಟರೆ ನಮ್ಮ ರಾಗಿ! ಆ ಕ್ಷಣ ನನಗಾದ ಸಂತೋಷ ಹೇಳತೀರದು. ಜೊತೆಗೆ ಫುಟ್‌ಕಲ್ ಅನ್ನುವ ಸೊಪ್ಪಿನ ಹುಳಿ ಚಟ್ನಿ. ಒಂದು ಜಾತಿಯ ಅತ್ತಿಮರದ ಕುಡಿ ಅದು, ಹುಣಸೆ ಹಾಕದೆಯೇ ಹುಳಿ. ಊಟದ ಮನೆಯ ಗೋಡೆಯಲ್ಲಿ ಒಂದು ಫೋಟೊ ಇತ್ತು. ಸಿಸ್ಟರ್ ವಲ್ಸಾ ಜಾನ್. ಕೇರಳದಿಂದ ಬಂದು ಪಾಕುಡ್ ಜಿಲ್ಲೆಯ ಪಚುವಾರಾದಲ್ಲಿ ಸಂತಾಲ ಆದಿವಾಸಿಗಳ ನಡುವೆ ಇದ್ದವರು. ಕಲ್ಲಿದ್ದಲು ಗಣಿಗೆ ಭೂಮಿ ಹೋಗುವಾಗ ಜನರ ಪರ ನಿಂತರು. 2011ರ ನವೆಂಬರ್ 15ರ ರಾತ್ರಿ ಅವರನ್ನು ಕೊಂದರು. ನಮ್ಮ ಸಿಸ್ಟರ್ ಆ ಫೋಟೊ ಬಗ್ಗೆ ಜಾಸ್ತಿ ಮಾತಾಡಲಿಲ್ಲ. ಸೆರಗಿನಿಂದ ಅದರ ಗಾಜು ಒರೆಸಿ, "ಬಿಸಿ ಇರುವಾಗಲೇ ತಿನ್ನು" ಅಂದರು.

ಮಧ್ಯಾಹ್ನ ಅವರ ಜೊತೆ ಟೊರ್ಪಾಕ್ಕೆ ಹೋದೆ. ಲೀವನ್ಸ್ ನೆಲೆ ನಿಂತದ್ದು ಇಲ್ಲೇ. ಆ ಕಾಲದಲ್ಲಿ ಮುಂಡರು ಕಾಡು ಕಡಿದು ಹಸನು ಮಾಡಿದ ನೆಲಕ್ಕೆ ಎಲ್ಲಿಂದಲೋ ಬಂದ ಜಮೀನ್ದಾರರು ಒಡೆಯರಾಗಿದ್ದರು. ಗೇಣಿಯ ಜೊತೆಗೆ ಬೇಗಾರಿ, ಅಂದರೆ ಬಿಟ್ಟಿ ಚಾಕರಿ. ಕಟ್ಟಿದ ಗೇಣಿಗೆ ರಸೀದಿ ಇಲ್ಲ. ಕೋರ್ಟಿಗೆ ಹೋದರೆ ಅಲ್ಲಿನ ಭಾಷೆಯೇ ಗೊತ್ತಿಲ್ಲ. ಲೀವನ್ಸ್ ಏನು ಮಾಡಿದರು ಗೊತ್ತಾ? ಭಾಷೆ ಕಲಿತರು, ಇಲ್ಲಿಯ ಭೂಮಿಯ ಕಾನೂನು ಕಲಿತರು. ಜನ ತಂದ ಕಾಗದ ಓದಿದರು. ಅರ್ಜಿ ಬರೆದು ರಾಂಚಿಯ ವಕೀಲರಿಗೆ ಕಳಿಸಿದರು. ಸಾವಿರಾರು ಜನ ಬಂದು ಕ್ರೈಸ್ತಸಭೆಗೆ ಸೇರಿದರು.

ನಂಬಿಕೆಗಾಗಿ ಬಂದರೋ, ಕೇಸಿಗಾಗಿ ಬಂದರೋ ಅಂತ ಆಗಲೇ ಜನ ಕೇಳಿದ್ದರು. ನನಗನ್ನಿಸುವುದು ಇಷ್ಟೆ. ಹೊಲ ಉಳಿಸಲು ಬಂದವನೊಬ್ಬ, ಅದನ್ನು ಉಳಿಸಿಕೊಟ್ಟವನ ದೇವರು ಯಾರು ಅಂತ ವಿಚಾರಿಸಿದರೆ ಅದರಲ್ಲಿ ತಪ್ಪೇನಿದೆ? ಆದರೆ ಕೇಸು ನಡೆಸಲು ಧರ್ಮವನ್ನು ಷರತ್ತು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಸಿಸ್ಟರ್‌ಗೂ ಒಪ್ಪಿಗೆಯಿಲ್ಲ. ಅವರ ಹತ್ತಿರ ಬರುವವರಲ್ಲಿ ಸರ್ನಾ, ಅಂದರೆ ಪ್ರಕೃತಿಯನ್ನು ಪೂಜಿಸುವ ಆದಿವಾಸಿ ಧರ್ಮದವರೇ ಅರ್ಧಕ್ಕರ್ಧ.

ಅದನ್ನು ಕಣ್ಣಾರೆ ನೋಡಿದೆ. ಟೊರ್ಪಾದಿಂದ ಒಳಗೆ ಒಂದು ಹಳ್ಳಿಯಲ್ಲಿ ಒಬ್ಬ ಮುದುಕ ಕಾದಿದ್ದರು. ಸರ್ನಾದವರು. ಕಬ್ಬಿಣದ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಅದರೊಳಗೆ ಇನ್ನೊಂದು ಚೀಲ. ಅದರೊಳಗೆ ಹಳದಿ ಬಟ್ಟೆ, ಬಟ್ಟೆಯೊಳಗೆ ಖತಿಯಾನ. ಅಂದರೆ ನಮ್ಮ ಪಹಣಿ ಇದ್ದ ಹಾಗೆ. ಮಡಿಸಿ ಮಡಿಸಿ ಕಾಗದ ನಾಲ್ಕು ತುಂಡಾಗಿತ್ತು. ತುಂಡುಗಳನ್ನು ಅನ್ನದ ಅಂಟಿನಿಂದ ಹಿಂದೆ ಬಟ್ಟೆಗೆ ಅಂಟಿಸಿದ್ದರು. ಮಡಿಕೆ ಬಂದ ಕಡೆ ಅಕ್ಷರ ಸವೆದು ಹೋಗಿತ್ತು. ಸಿಸ್ಟರ್ ನೆಲದ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಜೋರಾಗಿ ಓದಿದರು. ತಮ್ಮ ತಾತನ ಹೆಸರು ಬಂದಾಗ ಮುದುಕ "ಹೂಂ" ಅಂದರು. ಎಕರೆಯ ಲೆಕ್ಕ ಬಂದಾಗ ಬೆರಳು ಮಡಿಸಿದರು. ಕಂಪ್ಯೂಟರಿಗೆ ಏರಿಸುವಾಗ ಒಂದು ಹೊಲದ ಸಂಖ್ಯೆ ತಪ್ಪಾಗಿದೆ, ಅದು ಅವರ ದೂರು. ಸಿಸ್ಟರ್ ಎರಡನೇ ಸಲವೂ ಪೂರ್ತಿ ಓದಿದರು. ಯಾಕೆ ಅಂತ ಕೇಳಿದ್ದಕ್ಕೆ, "ಮೊದಲ ಸಲ ಅವರಿಗೆ ಭಯ ಇರ್ತದೆ. ಎರಡನೇ ಸಲ ಕೇಳಿಸ್ತದೆ" ಅಂದರು.

ವಾಪಸ್ ಬರುವಾಗ ಮೋಡ ಕವಿಯಿತು. ಹತ್ತು ನಿಮಿಷದಲ್ಲಿ ಆಲಿಕಲ್ಲು. ಹಂಚಿಕೊಂಡು ಹೋಗುವ ಟೆಂಪೊದ ಮೇಲುಹೊದಿಕೆ ಟಾರ್ಪಾಲು ಹರಿದು ನಾವೆಲ್ಲ ಒದ್ದೆಯಾದೆವು. ಪಕ್ಕದಲ್ಲಿದ್ದ ಹೆಂಗಸು ತನ್ನ ಬುಟ್ಟಿಯನ್ನು ನನ್ನ ತಲೆ ಮೇಲೆ ಕವುಚಿದಳು. ಅವಳ ತಲೆಗೆ ಏನೂ ಇರಲಿಲ್ಲ. ಎಷ್ಟು ಹೇಳಿದರೂ ಬುಟ್ಟಿ ವಾಪಸ್ ತೆಗೆದುಕೊಳ್ಳಲಿಲ್ಲ.

ಬುಧವಾರ, ಸರ್ವದಾ ಮತ್ತು ಡೊಂಬಾರಿ ಬುರು

ಬೆಳಕು ಹರಿಯುವ ಮೊದಲೇ ಸಿಸ್ಟರ್ ಎಬ್ಬಿಸಿದರು. ಮಹುವಾ ನೋಡಬೇಕಿತ್ತು. ನಮ್ಮ ಹಿಪ್ಪೆ ಮರ. ಈ ವರ್ಷ ಸ್ವಲ್ಪ ಬೇಗ ಉದುರಲು ಶುರುವಾಗಿತ್ತಂತೆ. ಮರದ ಕೆಳಗೆ ಮೊದಲೇ ಗುಡಿಸಿ ನೆಲ ಸ್ವಚ್ಛ ಮಾಡಿರುತ್ತಾರೆ. ಹೆಂಗಸರು, ಮಕ್ಕಳು ಬಗ್ಗಿ ಆರಿಸುತ್ತಿದ್ದರು. ಹೂವು ಹೂವಿನಂತೆ ಇಲ್ಲ. ತಿಳಿ ಹಳದಿ ಬಣ್ಣದ ದಪ್ಪ ಮಣಿ, ನಡುವೆ ತೂತು. ಬೆರಳಲ್ಲಿ ಹಿಡಿದರೆ ಅಂಟು. ಬಾಯಿಗೆ ಹಾಕಿದರೆ ಬೆಲ್ಲದ ನೀರು, ಆಮೇಲೆ ಒಂದು ಘಾಟು. ಆಲಿಕಲ್ಲಿಗೆ ಮೊಗ್ಗುಗಳೂ ಉದುರಿದ್ದವು. ಅವು ಯಾವ ಕೆಲಸಕ್ಕೂ ಬಾರವು. ಒಬ್ಬಾಕೆ ಒಂದು ಹಿಡಿ ಹಸಿರು ಮೊಗ್ಗನ್ನು ನನಗೆ ತೋರಿಸಿ ಹಾಗೇ ನೆಲಕ್ಕೆ ಬಿಟ್ಟಳು.

ಸರ್ವದಾ ಮಿಷನ್ ಕಡೆ ಬಾಡಿಗೆ ಬೈಕಿನಲ್ಲಿ ಹೋದೆವು. ಓಡಿಸಿದವನು ಆ ಕಡೆಯ ಕಾಲೇಜು ಹುಡುಗ. ಕಥೆ ಅವನೇ ಶುರು ಮಾಡಿದ, ಅದೂ ನಾನು ಎಣಿಸದ ಕಡೆಯಿಂದ. "ದೀದಿ, ಬಿರ್ಸಾನ ಜನ ಈ ಚರ್ಚಿನ ಮೇಲೂ ಬಾಣ ಬಿಟ್ಟಿದ್ದರು, ಗೊತ್ತಲ್ವಾ?" ನಿಜ. 1899ರ ಕ್ರಿಸ್ಮಸ್ ಹಿಂದಿನ ರಾತ್ರಿ ಬಿರ್ಸಾ ಮುಂಡಾನ ಮುಂದಾಳತ್ವದ ಉಲ್ಗುಲಾನ್, ಅಂದರೆ ಬ್ರಿಟಿಷರ ವಿರುದ್ಧದ ಮುಂಡರ ದಂಗೆ, ಶುರುವಾದಾಗ ಸರ್ವದಾ ಮಿಷನ್ ಮೇಲೂ ಬಾಣಗಳು ಬಂದವು. ಬಿರ್ಸಾ ಮುಂಡಾ ಸ್ವತಃ ಚಾಯಿಬಾಸಾದ ಜರ್ಮನ್ ಮಿಷನ್ ಶಾಲೆಯಲ್ಲಿ ಓದಿದವನು. ಭೂಮಿಯ ವಿಷಯದಲ್ಲಿ ಪಾದ್ರಿಗಳೂ ತಮ್ಮ ಕಡೆ ನಿಲ್ಲುವುದಿಲ್ಲ ಎಂಬ ಸಿಟ್ಟು ಅವನಿಗಿತ್ತು. "ಸಾಹೇಬ್ ಸಾಹೇಬ್ ಏಕ್ ಟೋಪಿ" ಅನ್ನುವ ಮಾತು ಈಗಲೂ ಇಲ್ಲಿ ಬಾಯಲ್ಲಿದೆ. ಅಧಿಕಾರಿಯೂ ಪಾದ್ರಿಯೂ ಒಂದೇ ಟೋಪಿ ಅಂತ.

ಕ್ರೈಸ್ತಳಾಗಿ ಇದನ್ನು ಕೇಳುವಾಗ ನೋವಾಯಿತು. ಆದರೆ ಕೇಳಲೇಬೇಕಾದ ಮಾತು ಅದು. ಸೇವೆಯ ಕಥೆ ಹೇಳುವಾಗ ಈ ಬಾಣಗಳನ್ನು ಬಿಟ್ಟು ಹೇಳಿದರೆ ಅರ್ಧ ಸುಳ್ಳಾಗುತ್ತದೆ.

ಬಾಣ ಬಂದ ಆ ಸರ್ವದಾದಲ್ಲಿ ಇದ್ದವರು ಜರ್ಮನಿಯ ಫಾದರ್ ಜಾನ್ ಬ್ಯಾಪ್ಟಿಸ್ಟ್ ಹಾಫ್ಮನ್. ಅವರು ಓಡಿ ಹೋಗಲಿಲ್ಲ, ಮುಂಡರ ಮೇಲೆ ಹಗೆಯನ್ನೂ ಸಾಧಿಸಲಿಲ್ಲ. ಬಾಣ ಯಾಕೆ ಬಂತು ಅಂತ ಅರಿಯಲು ಹೊರಟರು. ಮುಂಡರ ಖೂಂಟ್‌ಕಟ್ಟಿ ಪದ್ಧತಿಯನ್ನು, ಅಂದರೆ ಕಾಡು ಕಡಿದು ಊರು ಕಟ್ಟಿದ ವಂಶಕ್ಕೇ ನೆಲ ಸೇರಿದ್ದು ಎನ್ನುವುದನ್ನು, ಸರ್ಕಾರಕ್ಕೆ ಅರ್ಥವಾಗುವಂತೆ ಬರೆದುಕೊಟ್ಟರು. 1908ರಲ್ಲಿ ಛೋಟಾನಾಗಪುರ ಗೇಣಿ ಕಾಯ್ದೆ ಬಂತು. ಅದರ 46ನೇ ಕಲಂ ಆದಿವಾಸಿಯ ಭೂಮಿ ಹೊರಗಿನವರ ಪಾಲಾಗದಂತೆ ತಡೆಯುತ್ತದೆ. ನಮ್ಮಲ್ಲಿ ಪರಿಶಿಷ್ಟರ ಮಂಜೂರಾತಿ ಜಮೀನಿನ ಪರಭಾರೆ ತಡೆಯುವ ಪಿಟಿಸಿಎಲ್ ಕಾಯ್ದೆ ಬಂದದ್ದು 1978ರಲ್ಲಿ, ಎಪ್ಪತ್ತು ವರ್ಷ ಆದಮೇಲೆ. ಕಾಯ್ದೆಗೆ ದಾರಿ ಮಾಡಿಕೊಟ್ಟದ್ದು ಬಿರ್ಸಾನ ರಕ್ತ. ಆ ಕಾಯ್ದೆಯ ಬರಹದಲ್ಲಿ ಹಾಫ್ಮನ್ ಕೈ ಇತ್ತು. ಎರಡನ್ನೂ ಒಟ್ಟಿಗೇ ಹೇಳಬೇಕು.

ಮರುವರ್ಷ, 1909ರಲ್ಲಿ, ಬಡ್ಡಿಯವರ ಕೈಯಿಂದ ಜನರನ್ನು ಬಿಡಿಸಲು ಹಾಫ್ಮನ್ ಸಹಕಾರಿ ಸಾಲ ಸಂಘ ಕಟ್ಟಿದರು. ಮುಂಡಾರಿ ಭಾಷೆಗೆ ಸಂಪುಟಗಳಗಟ್ಟಲೆ ಕೋಶ ಬರೆದರು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಅನ್ನುವ ಕಾರಣಕ್ಕೆ 1915ರಲ್ಲಿ ಅವರನ್ನು ದೇಶದಿಂದ ಹೊರಗೆ ಕಳಿಸಿದರು. ಮತ್ತೆ ಈ ನೆಲ ನೋಡಲಿಲ್ಲ.

ಆ ಗೇಣಿ ಕಾಯ್ದೆಯನ್ನು ಸಡಿಲಿಸಲು 2016ರಲ್ಲಿ ಜಾರ್ಖಂಡ್ ಸರ್ಕಾರ ತಿದ್ದುಪಡಿ ತಂದಿತ್ತು. ಹಳ್ಳಿಹಳ್ಳಿಯ ಜನ ಬೀದಿಗೆ ಬಂದರು. ಮರುವರ್ಷ ರಾಜ್ಯಪಾಲರು ಮಸೂದೆಯನ್ನು ಸಹಿ ಹಾಕದೆ ವಾಪಸ್ ಕಳಿಸಿದರು. ಆ ರಾಜ್ಯಪಾಲರು ದ್ರೌಪದಿ ಮುರ್ಮು. ಬೈಕ್ ಹುಡುಗ ಇದನ್ನು ಹೇಳುವಾಗ ಗಾಡಿ ನಿಲ್ಲಿಸಿ, ಹಿಂದೆ ತಿರುಗಿ, ಕೈ ಬೀಸಿ ಹೇಳಿದ. ಅವತ್ತಿನ ಮೆರವಣಿಗೆಯಲ್ಲಿ ಅವನ ತಾಯಿಯೂ ಇದ್ದರಂತೆ.

ಮಧ್ಯಾಹ್ನ ಡೊಂಬಾರಿ ಬುರು ಹತ್ತಿದೆವು. ಬುರು ಅಂದರೆ ಬೆಟ್ಟ. 1900ರ ಜನವರಿ 9ರಂದು ಇಲ್ಲಿ ಸೇರಿದ್ದ ಮುಂಡರ ಮೇಲೆ ಬ್ರಿಟಿಷ್ ಸೈನ್ಯ ಗುಂಡು ಹಾರಿಸಿತು. ಮೇಲೆ ಒಂದು ಸ್ಮಾರಕ ಇದೆ. ನೆರಳು ಕಡಿಮೆ, ಹತ್ತಿರದಲ್ಲಿ ಅಂಗಡಿ ಇಲ್ಲ. ನೀರು ಹೊತ್ತುಕೊಂಡೇ ಹೋಗಬೇಕು. ಅರ್ಧ ದಾರಿಯಲ್ಲಿ ನನ್ನ ಚಪ್ಪಲಿಯ ಬಾರು ಕಿತ್ತು ಬಂತು. ಸೌದೆ ಹೊತ್ತು ಇಳಿಯುತ್ತಿದ್ದ ಅಜ್ಜಿಯೊಬ್ಬರು ಹೊರೆ ಇಳಿಸಿ, ಒಂದು ಬಳ್ಳಿಯ ನಾರು ಸೀಳಿ, ಹಲ್ಲಲ್ಲಿ ಕಚ್ಚಿ ಬಿಗಿದು ಕಟ್ಟಿಕೊಟ್ಟರು. ಆ ಗಂಟು ಬೆಂಗಳೂರಿನವರೆಗೂ ಬಿಚ್ಚಲಿಲ್ಲ. ಬೆಟ್ಟದ ತುದಿಯಲ್ಲಿ ಗಾಳಿ ಜೋರು. ಕೆಳಗೆ ಎಲ್ಲಿ ನೋಡಿದರೂ ಸಾಲ್ ಕಾಡು, ನಡುವೆ ತೇಪೆ ಹಾಕಿದ ಹಾಗೆ ಹೊಲಗಳು. ಜಪಸರ ಕೈಗೆ ತೆಗೆದುಕೊಂಡೆ. ಹತ್ತು ಮಣಿಗಳ ಒಂದು ಸುತ್ತೂ ಪೂರ್ತಿ ಹೇಳಲು ಆಗಲಿಲ್ಲ.

ಗುರುವಾರ, ಹಳೆಯ ಸೆರೆಮನೆ ಮತ್ತು ನಾಮಕುಮ್

ರಾಂಚಿಯ ಹಳೆಯ ಜೈಲು ಈಗ ಬಿರ್ಸಾ ಮುಂಡಾ ಸಂಗ್ರಹಾಲಯ. ಅವನನ್ನು ಇಟ್ಟಿದ್ದ ಕೋಣೆ ನೋಡಬಹುದು. 1900ರ ಜೂನ್ 9ರಂದು, ವಿಚಾರಣೆ ಮುಗಿಯುವ ಮೊದಲೇ, ಇಲ್ಲೇ ತೀರಿಕೊಂಡ. ಇಪ್ಪತ್ತೈದೂ ತುಂಬಿರಲಿಲ್ಲ.

ಅಲ್ಲಿಂದ ನಾಮಕುಮ್‌ನ ಬಗೈಚಾಕ್ಕೆ, ಅಂದರೆ ಯೇಸುಸಭೆಯವರ ಸಾಮಾಜಿಕ ಕೇಂದ್ರಕ್ಕೆ, ಆಟೊ. ಮೊದಲೇ ಫೋನ್ ಮಾಡಿ ಹೇಳಿ ಹೋಗುವುದು ಒಳ್ಳೆಯದು. ಅಂಗಳದಲ್ಲಿ ಮರಗಳು, ಬಿರ್ಸಾನ ಪ್ರತಿಮೆ, ಒಂದು ನೆಟ್ಟ ಕಲ್ಲು. ಮುಂಡರು ಪೂರ್ವಜರ ನೆನಪಿಗೆ ಕಲ್ಲು ನೆಡುವ ಹಾಗೆಯೇ ಇಲ್ಲಿ ನೆಲಕ್ಕಾಗಿ ಹೋರಾಡಿ ಸತ್ತ ಆದಿವಾಸಿಗಳ ಹೆಸರು ಕೆತ್ತಿದ್ದಾರೆ. ಬೆರಳಿಟ್ಟು ಒಂದೊಂದೇ ಹೆಸರು ಓದಿದೆ. ಸಿಸ್ಟರ್ ಖತಿಯಾನ ಓದಿದ ಹಾಗೆ, ಜೋರಾಗಿ.

2006ರಲ್ಲಿ ಈ ಕೇಂದ್ರ ಶುರುವಾದ ಮೇಲೆ ಸ್ಟ್ಯಾನ್ ಸ್ವಾಮಿ ಇಲ್ಲೇ ಇದ್ದರು. ನಕ್ಸಲರೆಂದು ಜೈಲಿಗೆ ಹಾಕಿದ ಆದಿವಾಸಿ ಯುವಕರ ಕೇಸಿನ ಕಾಗದ ಒಟ್ಟು ಮಾಡಿದರು. ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಒಳಗಿರುವವರ ಪರ ಜಾರ್ಖಂಡ್ ಹೈಕೋರ್ಟಿಗೆ ಹೋದರು. 2020ರ ಅಕ್ಟೋಬರ್ 8ರ ರಾತ್ರಿ ಎಲ್ಗಾರ್ ಪರಿಷತ್ ಪ್ರಕರಣದಲ್ಲಿ, ಮಾವೋವಾದಿಗಳ ನಂಟು ಇದೆ ಎಂಬ ಆರೋಪದ ಮೇಲೆ, ಇದೇ ಅಂಗಳದಿಂದ ಅವರನ್ನು ಕರೆದೊಯ್ದರು. ಆಗ ಎಂಬತ್ತಮೂರು ವರ್ಷ. ಆರೋಪಗಳನ್ನು ಅವರು ಕೊನೆಯವರೆಗೂ ಅಲ್ಲಗಳೆದರು. ಪಾರ್ಕಿನ್ಸನ್ ಕಾಯಿಲೆಗೆ ಕೈ ನಡುಗುತ್ತಿತ್ತು, ಲೋಟ ಹಿಡಿಯಲು ಆಗುತ್ತಿರಲಿಲ್ಲ. ಕುಡಿಯಲು ಒಂದು ಸಿಪ್ಪರ್, ಒಂದು ಸ್ಟ್ರಾ ಬೇಕು ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ವಿಚಾರಣೆ ಶುರುವಾಗುವ ಮೊದಲೇ, ಕೈದಿಯಾಗಿಯೇ ಮುಂಬೈನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಆ ಸಿಪ್ಪರ್ ಸುದ್ದಿ ಓದಿದ ದಿನ ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಕೈಯಲ್ಲಿ ಕಾಫಿ ಲೋಟ ಇತ್ತು. ಏನೂ ಮಾಡಲಿಲ್ಲ. ದೇಶದ ಬೇರೆ ಬೇರೆ ಕಡೆಯಿಂದ ಜನ ಜೈಲಿಗೆ ಸಿಪ್ಪರ್ ಕಳಿಸಿದರು. ನಾನು ಅದನ್ನೂ ಕಳಿಸಲಿಲ್ಲ. ಬಗೈಚಾದ ಮರದ ಕೆಳಗೆ ಇದನ್ನು ದೇವರಿಗೆ ಒಪ್ಪಿಸಿದೆ.

ಅಂಗಳದ ಬೆಂಚಿನ ಮೇಲೆ ಒಬ್ಬ ಹುಡುಗ ಫೈಲು ಹಿಡಿದು ಕೂತಿದ್ದ. ಗುಮ್ಲಾ ಕಡೆಯವನು. ಕಾನೂನಿನ ಪ್ರಾಥಮಿಕ ತರಬೇತಿ ಪಡೆದು ತನ್ನ ಊರವರ ಭೂಮಿಯ ಅರ್ಜಿ ಬರೆದುಕೊಡುತ್ತಾನಂತೆ. ಟೀ ಕುಡಿಯುತ್ತಾ ತಾತನ ಹೆಬ್ಬೆಟ್ಟಿನ ಕಥೆ ಹೇಳಿದೆ. ಅವನು ಅಯ್ಯೋ ಅನ್ನಲಿಲ್ಲ. "ಉಳಿದ ಹೊಲದ ಕಾಗದ ಇದೆಯಾ?" ಅಂತ ಕೇಳಿದ. ಫೋನಿನಲ್ಲಿ ಅಪ್ಪನ ಹೆಸರಲ್ಲಿರುವ ಒಂದು ಎಕರೆಯ ಪಹಣಿ ಇತ್ತು, ತೋರಿಸಿದೆ. ಅವನಿಗೆ ಕನ್ನಡದ ಒಂದು ಅಕ್ಷರವೂ ಗೊತ್ತಿಲ್ಲ. ಆದರೂ ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಒಂದೊಂದೇ ಕಾಲಂ ಮೇಲೆ ನಿಧಾನವಾಗಿ ಬೆರಳು ಎಳೆದ. ಇದು ಸರ್ವೆ ಸಂಖ್ಯೆ, ಅಲ್ವಾ? ಇದು ವಿಸ್ತೀರ್ಣ. ಇದು ಅಪ್ಪನ ಹೆಸರು. ಎಲ್ಲ ಸರಿಯಾಗಿತ್ತು. ಹನ್ನೊಂದನೇ ಕಾಲಂಗೆ ಬಂದು ನಿಂತ.

"ಇಲ್ಲಿ ಏನೋ ಬರೆದಿದೆ" ಅಂದ. "ಇದು ಸಾಲ. ನಿಮಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ.